ಮೊಣಕಾಲಿನ ಗಾಯವೂ ವ್ಯಾಯಾಮದ ಮಹತ್ವವೂ

ಮಹಾನಗರದಲ್ಲಿ ಬಾಳುವವನಿಗೆ ಕಾಲೇ ಬಂಡವಾಳ. ಲೋಕಲ್ ಗಾಡಿ ಹಿಡಿಯಲು ಸೇತುವೆಯ ಮೆಟ್ಟಿಲೇರುವ ಗುಮಾಸ್ತನಿಗೂ, ಹೋಟೆಲಿನಲ್ಲಿ ಮುಂಜಾನೆಯಿಂದ ನಿಂತೇ ದುಡಿಯುವ ಹುಡುಗನಿಗೂ, ನಾಲ್ಕನೆಯ ಮಾಳಿಗೆಗೆ ದಿನಸಿ ಹೊತ್ತೊಯ್ಯುವ ಗೃಹಿಣಿಗೂ ಮೊಣಕಾಲು ಕೈಕೊಟ್ಟಿತೆಂದರೆ ಸಂಸಾರದ ಗಾಡಿಯೇ ನಿಂತಂತೆ. ಇಂತಹ ಕಾಲಿಗೆ ಪೆಟ್ಟಾದಾಗ ಸಾಲ ಮಾಡಿಯಾದರೂ ಶಸ್ತ್ರಕ್ರಿಯೆಗೆ ಹಣ ಹೊಂದಿಸುವ ನಾವು, ಅನಂತರದ ವ್ಯಾಯಾಮವನ್ನು ಮಾತ್ರ ಅಲಕ್ಷಿಸುತ್ತೇವೆ. ಚಿಕಿತ್ಸೆಯ ಅರ್ಧಭಾಗವನ್ನೇ ಹೀಗೆ ಕೈಬಿಡುತ್ತಿದ್ದೇವೆ ಎಂಬುದು ನನ್ನ ಅಭಿಮತ.

ತೊಡೆಯ ಮೂಳೆಯನ್ನೂ ಕಣಕಾಲಿನ ಮೂಳೆಯನ್ನೂ ನಾಲ್ಕು ಪ್ರಮುಖ ಅಸ್ಥಿರಜ್ಜುಗಳು ಬಂಧಿಸಿವೆ: ಪಕ್ಕಗಳಲ್ಲಿ ಎರಡು, ಕೀಲಿನೊಳಗೆ ಕತ್ತರಿಯಾಕಾರದಲ್ಲಿ ಎರಡು. ವೈದ್ಯರು ಲಿಗಮೆಂಟ್ ಎನ್ನುವುದು ಇವುಗಳನ್ನೇ. ಕಬಡ್ಡಿಯ ಅಂಕಣದಲ್ಲಿ ಥಟ್ಟನೆ ತಿರುಗಿದಾಗ ಒಳಗಿನ ಮುಂದಣ ರಜ್ಜು ಹರಿಯುವುದುಂಟು. ಆಗ ಕೀಲು ಊದಿಕೊಳ್ಳುತ್ತದೆ. ಊತ ಮತ್ತು ನೋವಿನ ದೆಸೆಯಿಂದ ತೊಡೆಯ ಮುಂಭಾಗದ ಸ್ನಾಯು ಕೆಲವೇ ದಿನಗಳಲ್ಲಿ ಸೊರಗತೊಡಗುತ್ತದೆ. ಶಸ್ತ್ರವೈದ್ಯರು ಹೊಸ ರಜ್ಜುವನ್ನು ಕಸಿ ಮಾಡಬಲ್ಲರು. ಸೊರಗಿದ ಸ್ನಾಯುವನ್ನು ರೋಗಿಯೇ ಬೆಳೆಸಿಕೊಳ್ಳಬೇಕು.

ಆದರೆ ನಮ್ಮ ಮನೆಗಳಲ್ಲಿ ನಡೆಯುವುದೇನು? "ಏಳಬೇಡಪ್ಪ, ಮಲಗಿರು" ಎಂದು ತಾಯಿ ಅಕ್ಕರೆಯಿಂದ ಮೊಣಕಾಲಿನಡಿ ದಿಂಬಿಡುತ್ತಾಳೆ. ವಾರಗಟ್ಟಲೆ ಹಾಗೆ ಬಾಗಿಯೇ ಉಳಿದ ಕೀಲು ಪೂರ್ತಿ ನೆಟ್ಟಗಾಗಲು ನಿರಾಕರಿಸುತ್ತದೆ; ಕುಂಟುನಡೆ ಉಳಿದುಬಿಡುತ್ತದೆ. ದಿಂಬಿನ ಬದಲು ಹಿಮ್ಮಡಿಯ ಕೆಳಗೆ ಟವೆಲಿನ ಸುರುಳಿಯಿಟ್ಟು ಕಾಲನ್ನು ನೆಟ್ಟಗೆ ಚಾಚುವುದು, ತೊಡೆಯ ಸ್ನಾಯುವನ್ನು ಐದು ಎಣಿಸುವಷ್ಟು ಹೊತ್ತು ಬಿಗಿಹಿಡಿದು ಸಡಿಲಿಸುವುದು, ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತ ಮೊಣಕಾಲು ಮಡಿಸುವುದು, ಇವು ಆರಂಭದ ಪಾಠಗಳು. ಒಂದು ಚಾಪೆಯಷ್ಟು ಸ್ಥಳ ಸಾಕು. ಮುಂದೆ ಗೋಡೆಗೆ ಬೆನ್ನುಕೊಟ್ಟು ಅರ್ಧ ಕುಳಿತೇಳುವುದು, ಮೆಟ್ಟಿಲೇರುವುದು, ಒಂಟಿಕಾಲಲ್ಲಿ ನಿಲ್ಲುವುದು. ಓಟ ಮತ್ತು ಜಿಗಿತ ಕೊನೆಗೆ. ಮರುದಿನ ಊತ ಹೆಚ್ಚಿದರೆ ವ್ಯಾಯಾಮ ಅತಿಯಾಯಿತೆಂದೇ ಅರ್ಥ. ಗಾಯದ ಸ್ವರೂಪಕ್ಕೆ ತಕ್ಕಂತೆ ಈ ಕ್ರಮವೂ ಬದಲಾಗುವುದರಿಂದ ಫಿಸಿಯೋಥೆರಪಿಸ್ಟರ ಮಾರ್ಗದರ್ಶನ ಅವಶ್ಯಕ.

ವ್ಯಾಯಾಮದ ಬಲವೆಷ್ಟೆಂಬುದಕ್ಕೆ ಸ್ವೀಡನ್ನಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಸಾಕ್ಷಿ. ಮುಂದಣ ರಜ್ಜು ಹರಿದ 121 ಮಂದಿಯಲ್ಲಿ ಒಂದು ಗುಂಪಿಗೆ ಬೇಗನೆ ಶಸ್ತ್ರಕ್ರಿಯೆ ಮಾಡಿ ವ್ಯಾಯಾಮ ಮಾಡಿಸಲಾಯಿತು. ಇನ್ನೊಂದಕ್ಕೆ ವ್ಯಾಯಾಮ ಮೊದಲು, ಅಗತ್ಯ ಬಿದ್ದರೆ ಶಸ್ತ್ರಕ್ರಿಯೆ. ಎರಡು ವರ್ಷಗಳ ಬಳಿಕ ಗುಂಪುಗಳಲ್ಲಿ ಗಮನಾರ್ಹ ಅಂತರ ಕಾಣಲಿಲ್ಲ. ಎರಡನೆಯ ಗುಂಪಿನ 59 ಮಂದಿಯಲ್ಲಿ 36 ಮಂದಿಗೆ ಆವರೆಗೆ ಶಸ್ತ್ರಕ್ರಿಯೆಯೇ ಬೇಕಾಗಿರಲಿಲ್ಲ. ಹಾಗೆಂದು ಶಸ್ತ್ರಕ್ರಿಯೆ ವ್ಯರ್ಥವೆನ್ನಲಾಗದು. ಬಹುಕಾಲದಿಂದ ಕೀಲು ಪದೇ ಪದೇ ಜಾರುತ್ತಿರುವವರಿಗೆ ಅದೇ ಹೆಚ್ಚು ಫಲಕಾರಿಯೆಂದು 2022ರಲ್ಲಿ ಬ್ರಿಟನ್ನಿನ ಅಧ್ಯಯನ ತೋರಿಸಿತು. ಯಾರಿಗೆ ಯಾವುದೆಂಬುದನ್ನು ವೈದ್ಯರು ನಿರ್ಧರಿಸಲಿ; ಎರಡು ದಾರಿಗಳಲ್ಲೂ ವ್ಯಾಯಾಮ ತಪ್ಪದು.

ಅವಸರವೂ ಅಲಕ್ಷ್ಯದಷ್ಟೇ ಅಪಾಯಕರ. ನೋವು ಮಾಯವಾದೊಡನೆ ತರುಣನು ಅಂಕಣಕ್ಕೆ ಧುಮುಕುತ್ತಾನೆ. ಕಸಿ ಮಾಡಿದ ರಜ್ಜು ಬಲಿಯಲು ತಿಂಗಳುಗಳೇ ಬೇಕು. ಒಂಬತ್ತು ತಿಂಗಳು ತುಂಬುವವರೆಗೆ ಆಟವನ್ನು ಮುಂದೂಡಿದ ಪ್ರತಿಯೊಂದು ತಿಂಗಳೂ ಮರುಗಾಯದ ಸಂಭವವನ್ನು ಸುಮಾರು ಅರ್ಧಕ್ಕಿಳಿಸುತ್ತದೆಂದು 2016ರ ನಾರ್ವೆಯ ಅಧ್ಯಯನ ಕಂಡುಕೊಂಡಿತು. ಗಾಯಗೊಂಡ ಕಾಲಿನ ಬಲ ಇನ್ನೊಂದು ಕಾಲಿನ ಶೇಕಡಾ 90ರಷ್ಟಾದರೂ ಆಗಿರಬೇಕು.

"ಬೆಳಗ್ಗೆ ಹೊರಟು ರಾತ್ರಿ ಮನೆ ಸೇರುವ ನಮಗೆ ಇದಕ್ಕೆಲ್ಲ ಸಮಯವೆಲ್ಲಿ?" ಎಂಬ ಪ್ರಶ್ನೆ ನ್ಯಾಯವಾದುದೇ. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ 1953ರಷ್ಟು ಹಿಂದೆಯೇ ಫಿಸಿಯೋಥೆರಪಿ ಶಾಲೆ ಆರಂಭವಾದ ನಗರವಿದು; ಕೊರತೆ ಇರುವುದು ವಿದ್ಯೆಗಲ್ಲ, ಬಿಡುವಿಗೆ. ಆದ್ದರಿಂದ ಈ ಹೊಣೆಯನ್ನು ರೋಗಿಯೊಬ್ಬನ ಮೇಲೆಯೇ ಹೊರಿಸುವುದು ಸಲ್ಲದು. ಗಾಯಗೊಂಡ ಹುಡುಗನಿಗೆ ಹೋಟೆಲ್ ಮಾಲೀಕರು ದಿನಕ್ಕೆ ಒಂದು ಗಂಟೆಯ ಬಿಡುವನ್ನೂ, ಕೆಲವು ತಿಂಗಳು ಕುಳಿತು ಮಾಡುವ ಕೆಲಸವನ್ನೂ ಕೊಡಲಿ. ಕಬಡ್ಡಿ ಪಂದ್ಯಗಳನ್ನು ನಡೆಸಿ ಪದಕ ಹಂಚುವ ನಮ್ಮ ಸಂಘಗಳು ವಾರಕ್ಕೆರಡು ಸಂಜೆ ಸಭಾಗೃಹವನ್ನು ತೆರೆದಿಟ್ಟು, ನಮ್ಮವರೇ ಆದ ಫಿಸಿಯೋಥೆರಪಿಸ್ಟರನ್ನು ಆಹ್ವಾನಿಸಲಿ. ಆಡುವಾಗ ಚಪ್ಪಾಳೆ ತಟ್ಟಿದ ಸಮಾಜವು ಆಟಗಾರ ಬಿದ್ದಾಗಲೂ ಜೊತೆಗಿರಬೇಕಾದುದು ಧರ್ಮ. ಮುಂದಿನ ಕಾರ್ಯಕಾರಿ ಸಮಿತಿಯು ಈ ಸಲಹೆಯನ್ನು ಪರಿಶೀಲಿಸಲೆಂದು ವಿನಂತಿಸುತ್ತೇನೆ.