ಇಂಡಿಕೇಟರ್ ಅವಸರಪಟ್ಟರೆ ಅದರ ಬಾಯಿ ಮುಚ್ಚಿಸಬೇಡಿ

ಹಳೆಯ ಬಲ್ಬ್ ತೆಗೆದು ಎಲ್‌ಇಡಿ ಹಾಕಿಸಿದ ಕೂಡಲೇ ಎಷ್ಟೋ ವಾಹನಗಳ ಇಂಡಿಕೇಟರ್ ಪಟಪಟನೆ ಮಿನುಗತೊಡಗುತ್ತದೆ. ಇನ್ನು ಕೆಲವು ಹಳೆಯ ಗಾಡಿಗಳಲ್ಲಿ ಮಿನುಗುವುದನ್ನೇ ಬಿಟ್ಟು ಸುಮ್ಮನೆ ಉರಿಯುತ್ತ ನಿಲ್ಲುತ್ತದೆ. ಬಲ್ಬೇ ಸರಿಯಿಲ್ಲವೆಂದು ಮಾಲೀಕರು ಅಂಗಡಿಗೆ ಮರಳುತ್ತಾರೆ, ಅಂಗಡಿಯವರು ಒಂದು ರೆಸಿಸ್ಟರ್ ಕೈಗಿಡುತ್ತಾರೆ, ಮೆಕ್ಯಾನಿಕ್ ಅದನ್ನು ವೈರಿಗೆ ಸೇರಿಸಿ ಟೇಪು ಸುತ್ತುತ್ತಾರೆ. ಮಿನುಗು ಮೊದಲಿನ ಲಯಕ್ಕೆ ಬಂದರೆ ಎಲ್ಲರಿಗೂ ಸಮಾಧಾನ. ಆದರೆ ಆ ಅವಸರ ವಾಹನ ಕೊಡುತ್ತಿದ್ದ ಎಚ್ಚರಿಕೆ. ಅದನ್ನು ಅಡಗಿಸಿದರೆ ದುರಸ್ತಿಯಾದಂತಾಗಲಿಲ್ಲ. ಬಲ್ಬ್ ಬದಲಿಸುವವರು ದೀಪವನ್ನು ಮಿನುಗಿಸುವ ರಿಲೇಯನ್ನೂ ಬದಲಿಸಬೇಕು, ವಾಹನ ಇದುವರೆಗೆ ಮಾಡುತ್ತಿದ್ದ ಕಾವಲಿನ ಕೆಲಸವನ್ನು ತಾವೇ ವಹಿಸಿಕೊಳ್ಳಬೇಕು. ಎರಡಕ್ಕೂ ಸಿದ್ಧರಿಲ್ಲದಿದ್ದರೆ ಹಳೆಯ ಬಲ್ಬೇ ಲೇಸು.

ಈ ಎಚ್ಚರಿಕೆ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ನೋಡಿದರೆ ವಾದ ಸ್ಪಷ್ಟವಾಗುತ್ತದೆ. ಹಳೆಯ ಫ್ಲಾಷರ್ ರಿಲೇಯೊಳಗೆ ಎರಡು ಲೋಹಗಳನ್ನು ಬೆಸೆದ ಪಟ್ಟಿಯೊಂದಿರುತ್ತದೆ. ಬಲ್ಬಿಗೆ ಹರಿಯುವ ವಿದ್ಯುತ್ತಿನಿಂದ ಅದು ಕಾದು ಬಾಗಿ ಸಂಪರ್ಕ ಕಡಿಯುತ್ತದೆ, ತಣಿದು ಮತ್ತೆ ಸಂಪರ್ಕ ಕೂಡಿಸುತ್ತದೆ. ಎಲ್‌ಇಡಿ ಎಳೆಯುವ ಅಲ್ಪ ವಿದ್ಯುತ್ತಿಗೆ ಆ ಪಟ್ಟಿ ಕಾಯುವುದೇ ಇಲ್ಲ. ದೀಪ ಉರಿಯುತ್ತಲೇ ನಿಲ್ಲುವುದು ಅದಕ್ಕೇ. ನಂತರ ಬಂದ ಎಲೆಕ್ಟ್ರಾನಿಕ್ ರಿಲೇ ಹರಿಯುವ ವಿದ್ಯುತ್ತನ್ನು ಅಳೆಯುತ್ತಿರುತ್ತದೆ. ಕಾರಿನ ಒಂದು ಪಕ್ಕದಲ್ಲಿ ಮುಂದೊಂದು, ಹಿಂದೊಂದು 21 ವಾಟ್ ಬಲ್ಬ್ ಇದ್ದರೆ ಸುಮಾರು ಮೂರೂವರೆ ಆಂಪಿಯರ್ ಹರಿಯಬೇಕು. ಅದು ಅರ್ಧಕ್ಕಿಳಿದರೆ ಒಂದು ಬಲ್ಬ್ ಸುಟ್ಟಿದೆ ಎಂದರ್ಥ. ಚಾಲಕರಿಗೆ ತಿಳಿಯಲೆಂದು ರಿಲೇ ಮಿನುಗಿನ ವೇಗವನ್ನು ಹೆಚ್ಚಿಸುತ್ತದೆ. ಎರಡು ಮೂರು ವಾಟ್‌ನ ಎಲ್‌ಇಡಿ ಹಾಕಿದಾಗ ರಿಲೇಯ ಲೆಕ್ಕದಲ್ಲಿ ಬಲ್ಬ್ ಸತ್ತಿದೆ. ಅದಕ್ಕೆ ತಿಳಿದಷ್ಟನ್ನು ಅದು ನಿಯತ್ತಾಗಿ ಹೇಳುತ್ತಿದೆ.

ಹಾಗಾಗಿ ಮೊದಲು ಬೇಕಿರುವುದು ತಪಾಸಣೆ. ಬಲ್ಬ್ ಬದಲಿಸಿದ ಮೇಲೆ ಎರಡೂ ಪಕ್ಕದ ದೀಪಗಳು ಒಂದೇ ತೆರನಾಗಿ ಓಡುತ್ತಿದ್ದರೆ ರಿಲೇಗೆ ಲೋಡ್, ಅಂದರೆ ದೀಪಗಳು ಎಳೆಯುವ ವಿದ್ಯುತ್ತು, ಸಾಲುತ್ತಿಲ್ಲ. ಹಳೆಯ ಬಲ್ಬುಗಳನ್ನು ಮತ್ತೆ ಹಾಕಿ ನೋಡಿದಾಗ ಲಯ ಸರಿಹೋದರೆ ಅದು ಖಾತ್ರಿ. ಒಂದೇ ಪಕ್ಕ ಅವಸರಪಟ್ಟರೆ ಆ ಪಕ್ಕದ ಹೋಲ್ಡರಿನ ತುಕ್ಕು, ಸಡಿಲವಾದ ಅರ್ತ್ ವೈರು ಅಥವಾ ಉರಿಯದ ಬಲ್ಬನ್ನು ಹುಡುಕಬೇಕು. ಎಲ್‌ಇಡಿಗೆ ಪ್ಲಸ್ ಮೈನಸ್ ಭೇದ ಉಂಟು. ಒತ್ತಿ ಸಿಕ್ಕಿಸುವ ಗಾಜಿನ ಬುಡದ ಮಾದರಿಯದು ಉರಿಯದಿದ್ದರೆ ತಿರುಗಿಸಿ ಹಾಕಿದಾಗ ಉರಿಯಬಹುದು. ಬೈಕಿನಲ್ಲಿ ಎಡಕ್ಕೆ ಒತ್ತಿದರೂ ನಾಲ್ಕೂ ದೀಪ ಮಿನುಗಿದರೆ, ಮೀಟರಿನಲ್ಲಿ ಎಡಬಲ ಎರಡಕ್ಕೂ ಸೇರಿ ಒಂದೇ ಸೂಚಕ ದೀಪವಿದೆಯೇ ನೋಡಬೇಕು. ಆ ದೀಪದ ಮೂಲಕ ಇನ್ನೊಂದು ಪಕ್ಕಕ್ಕೆ ನುಸುಳುವ ವಿದ್ಯುತ್ತು ಎಲ್‌ಇಡಿಗೆ ಸಾಕಾಗುತ್ತದೆ. ಎರಡು ಡಯೋಡ್ ಹಾಕಿದರೆ ತೀರುವ ತೊಂದರೆ ಇದು. ಇವುಗಳಲ್ಲಿ ಯಾವುದನ್ನೂ ನೋಡದೆ ನೇರವಾಗಿ ರೆಸಿಸ್ಟರಿಗೆ ಕೈಹಾಕುವುದು ಕೆಲಸಗಳ್ಳತನ.

ರೆಸಿಸ್ಟರಿನಿಂದ ಕೆಲಸ ಆಗುತ್ತದಲ್ಲ ಎಂಬ ಮಾತಿದೆ. ಆಗುತ್ತದೆ, ಆದರೆ ಏನು ತೆತ್ತು? ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ 6 ಓಮ್ ರೆಸಿಸ್ಟರ್ 12 ವೋಲ್ಟಿನಲ್ಲಿ 24 ವಾಟ್ ಶಕ್ತಿಯನ್ನು ಬರೀ ಶಾಖ ಮಾಡುತ್ತದೆ. ಎಂಜಿನ್ ಓಡುತ್ತಿದ್ದು 14 ವೋಲ್ಟ್ ಬಂದರೆ ಅದು 32 ವಾಟ್ ದಾಟುತ್ತದೆ. ಹಳೆಯ ಬಲ್ಬ್ ತಿನ್ನುತ್ತಿದ್ದುದಕ್ಕಿಂತ ಇದೇ ಹೆಚ್ಚು. ಎಲ್‌ಇಡಿಯ ಉಳಿತಾಯವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಲೋಹದ ತಗಡಿಗೆ ಬಿಗಿಯದೆ ಪ್ಲಾಸ್ಟಿಕ್ಕಿಗೋ ವೈರಿನ ಕಟ್ಟಿಗೋ ತಾಗಿಸಿ ಬಿಟ್ಟರೆ ಅದನ್ನು ಕರಗಿಸುವಷ್ಟು ಕಾವೇರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ನಾಳೆ ಎಲ್‌ಇಡಿ ನಿಜವಾಗಿಯೇ ಸತ್ತರೂ ರೆಸಿಸ್ಟರ್ ವಿದ್ಯುತ್ ಎಳೆಯುತ್ತಲೇ ಇರುತ್ತದೆ, ರಿಲೇ ಎಲ್ಲ ಸರಿಯಿದೆ ಎಂದೇ ನಂಬಿರುತ್ತದೆ. ಎಲ್‌ಇಡಿಗೆ ಹೊಂದುವ ರಿಲೇಯಲ್ಲಿ ಈ ಶಾಖವೂ ಇಲ್ಲ, ವ್ಯರ್ಥವೂ ಇಲ್ಲ. ಆದರೆ ಲೋಡ್ ಎಷ್ಟಿದ್ದರೂ ಒಂದೇ ಲಯದಲ್ಲಿ ಮಿನುಗುವ ಇಂಥ ರಿಲೇಯೂ ಬಲ್ಬ್ ಸತ್ತದ್ದನ್ನು ಹೇಳದು. ಆದ್ದರಿಂದಲೇ ವಾರಕ್ಕೊಮ್ಮೆ ಇಂಡಿಕೇಟರ್ ಹಾಕಿ ಗಾಡಿಯ ಸುತ್ತ ನಡೆದು ನೋಡುವ ಹೊಣೆ ಮಾಲೀಕರ ಮೇಲೆ ಬೀಳುತ್ತದೆ.

ಕಂಪನಿಯಿಂದಲೇ ಎಲ್‌ಇಡಿ ಇಂಡಿಕೇಟರ್ ಬರುತ್ತಿರುವಾಗ ನಾವು ಹಾಕಿಸಿದರೆ ತಪ್ಪೇನು ಎಂದು ಕೇಳುವವರಿದ್ದಾರೆ. ಎಲ್‌ಇಡಿ ಥಟ್ಟನೆ ಹೊತ್ತಿಕೊಳ್ಳುತ್ತದೆ, ಗುಂಡಿಗಳ ಅದುರಾಟಕ್ಕೆ ಫಿಲಮೆಂಟಿನಂತೆ ತುಂಡಾಗುವುದಿಲ್ಲ ಎಂಬುದೂ ನಿಜ. ಆದರೆ ಕಂಪನಿಯವರು ದೀಪ, ಅದರ ಗಾಜು, ಅದನ್ನು ನಡೆಸುವ ಸರ್ಕ್ಯೂಟು ಎಲ್ಲವನ್ನೂ ಒಂದಕ್ಕೊಂದು ಹೊಂದಿಸಿ ಪರೀಕ್ಷಿಸಿರುತ್ತಾರೆ. ಹೊರಗಿನಿಂದ ತಂದ ಬಿಳಿ ಎಲ್‌ಇಡಿಯನ್ನು ಕಿತ್ತಳೆ ಗಾಜಿನ ಹಿಂದಿಟ್ಟರೆ ಬಣ್ಣ ಪೇಲವವಾಗಿ, ನಡುಮಧ್ಯಾಹ್ನದ ಬಿಸಿಲಿನಲ್ಲಿ ಉರಿಯುವುದೇ ಕಾಣದಿರಬಹುದು. ಬದಲಿಸುವುದಾದರೆ ಕಿತ್ತಳೆ ಬಣ್ಣದ ಎಲ್‌ಇಡಿಯನ್ನೇ ಆರಿಸಬೇಕು. ಇಂಡಿಕೇಟರನ್ನು ಕಂಪ್ಯೂಟರೇ ನಿಯಂತ್ರಿಸುವ ಹೊಸ ಕಾರುಗಳಲ್ಲಂತೂ ಬದಲಿಸಲು ಪ್ರತ್ಯೇಕ ರಿಲೇಯೇ ಇರುವುದಿಲ್ಲ. ಅಲ್ಲಿ ಮೂಲ ಬಲ್ಬನ್ನು ಮುಟ್ಟದಿರುವುದೇ ಜಾಣತನ.

ನನ್ನ ಗಾಡಿ, ನನ್ನಿಷ್ಟ ಎಂಬ ಮಾತು ಸೀಟಿನ ಕವರಿಗೆ ಸರಿ, ಇಂಡಿಕೇಟರಿಗೆ ಸಲ್ಲದು. ಅದು ಉರಿಯುವುದು ಹಿಂದೆ ಬರುವ ಬೈಕಿನವರಿಗಾಗಿ, ರಸ್ತೆ ದಾಟಲು ನಿಂತವರಿಗಾಗಿ. ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕೆಂಬ ನಿಯಮ ಇರುವುದೂ ಅವರ ಕಣ್ಣಿಗೆ ಸೂಚನೆ ಸರಿಯಾಗಿ ತಲುಪಲೆಂದೇ. 2024ರಲ್ಲಿ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ಹೆಡ್‌ಲೈಟ್‌ಗಳ ಮೇಲೆ ಮುಗಿಬಿದ್ದರು. ಇಂಡಿಕೇಟರಿನ ತಪ್ಪು ಹಾಗೆ ಕಣ್ಣಿಗೆ ಹೊಡೆಯುವುದಿಲ್ಲವಾದ್ದರಿಂದ ಯಾರೂ ಅದರ ಗೋಜಿಗೆ ಹೋಗುವುದಿಲ್ಲ. ಅದನ್ನು ಪರೀಕ್ಷಿಸಲು ಯಂತ್ರವೇನೂ ಬೇಡ, ಗಡಿಯಾರ ಸಾಕು: ಹತ್ತು ಸೆಕೆಂಡಿನಲ್ಲಿ ಹತ್ತಕ್ಕಿಂತ ಕಡಿಮೆ ಅಥವಾ ಇಪ್ಪತ್ತಕ್ಕಿಂತ ಹೆಚ್ಚು ಮಿನುಗಿದರೆ ತಪ್ಪಿದೆ. ಎಫ್‌ಸಿ ಮಾಡುವ ಆರ್‌ಟಿಒ ಅಧಿಕಾರಿಗಳು ಈ ಎಣಿಕೆಯನ್ನು ತಪ್ಪದೆ ಮಾಡಲಿ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಾಲ್ಲೂಕು ಕೇಂದ್ರದವರೆಗಿನ ಬಿಡಿಭಾಗದ ಅಂಗಡಿಗಳು ಎಲ್‌ಇಡಿ ಮಾರುವಾಗ ಗಾಡಿಯ ಮಾದರಿ ಕೇಳಿ, ಹೊಂದುವ ರಿಲೇಯನ್ನೂ ಜೊತೆಗೇ ಕೊಡಲಿ. ಅದಕ್ಕೆ ತಗಲುವ ಹೆಚ್ಚಿನ ದುಡ್ಡು ಬಲ್ಬಿನ ಬೆಲೆಯಲ್ಲೇ ಸೇರಿದೆ ಎಂದು ಕೊಳ್ಳುವವರೂ ತಿಳಿಯಲಿ.