ಕೇಳದೆ ನಿಲ್ಲಿಸಿದ್ದು, ಕೇಳದೆ ಕಿತ್ತದ್ದು

ಜನರ ಹೆಸರು ಹೇಳಿ ಶಿಲ್ಪವೊಂದನ್ನು ಕೀಳುವ ಸರ್ಕಾರ, ನಿಲ್ಲಿಸುವಾಗ ಅದೇ ಜನರನ್ನು ಕೇಳಿತ್ತೇ? ನ್ಯೂಯಾರ್ಕಿನ ‘ಟಿಲ್ಟೆಡ್ ಆರ್ಕ್’ ವಿಷಯದಲ್ಲಿ ಕೇಳಿರಲಿಲ್ಲ. ಅನಾಹುತದ ಬೇರು ಅಲ್ಲಿದೆ.

ಎರಡನೇ ಮಹಾಯುದ್ಧದ ನಂತರ ಅಮೆರಿಕದ ಕೆಲವು ಶಿಲ್ಪಿಗಳು ಮನುಷ್ಯಾಕೃತಿ, ಕಥೆ, ಪೀಠ ಮೂರನ್ನೂ ಕೈಬಿಟ್ಟರು. ಟೋನಿ ಸ್ಮಿತ್ 1962ರಲ್ಲಿ ಕಾರ್ಖಾನೆಗೆ ಫೋನ್ ಮಾಡಿ ಆರಡಿಯ ಉಕ್ಕಿನ ಘನವೊಂದನ್ನು ಮಾಡಿಸಿದರು, ಅದೇ ಶಿಲ್ಪ. ಆ ದಾರಿಯನ್ನು ಇನ್ನೂ ಮುಂದಕ್ಕೆ ಒಯ್ದವರು ರಿಚರ್ಡ್ ಸೆರಾ, ಹರೆಯದಲ್ಲಿ ಉಕ್ಕಿನ ಕಾರ್ಖಾನೆಗಳಲ್ಲಿ ದುಡಿದವರು. ಸರ್ಕಾರವೇ ಕೊಟ್ಟ ಕೆಲಸವಾಗಿ 1981ರಲ್ಲಿ ಮ್ಯಾನ್‌ಹಟನ್ನಿನ ಸರ್ಕಾರಿ ಕಚೇರಿಗಳ ಮುಂದಿನ ಚೌಕದಲ್ಲಿ 120 ಅಡಿ ಉದ್ದ, 12 ಅಡಿ ಎತ್ತರದ, ಬಾಗಿ ವಾಲಿದ ಉಕ್ಕಿನ ಗೋಡೆ ನಿಲ್ಲಿಸಿದರು. ಅದೇ ‘ಟಿಲ್ಟೆಡ್ ಆರ್ಕ್’. ಮೇಲ್ಮೈಯ ತುಕ್ಕೇ ಒಳಗಿನ ಲೋಹವನ್ನು ಕಾಯುವಂಥ ಉಕ್ಕು ಅದು. ಪಕ್ಕದಲ್ಲಿ ನಡೆದಂತೆ ಚೌಕ ಮುಚ್ಚಿಕೊಂಡು, ಮತ್ತೆ ತೆರೆದುಕೊಳ್ಳಬೇಕು; ನಡೆಯುವವರಿಗೆ ತಾವು ಎಲ್ಲಿದ್ದೇವೆಂಬ ಅರಿವು ಮೈಗೇ ತಟ್ಟಬೇಕು. ಅದು ದೊಡ್ಡ ಕಲೆ ಎಂದೇ ನಾನು ನಂಬುತ್ತೇನೆ. ದಿನವೂ ಅದನ್ನು ಸುತ್ತಿಕೊಂಡು ಕಚೇರಿಗೆ ಹೋಗಬೇಕಾದ ಗುಮಾಸ್ತರ ಸಿಟ್ಟೂ ಸುಳ್ಳಲ್ಲ.

1985ರ ಮಾರ್ಚ್‌ನಲ್ಲಿ ಅದನ್ನು ತೆಗೆಯಬೇಕೇ ಎಂದು ಮೂರು ದಿನ ಬಹಿರಂಗ ವಿಚಾರಣೆ ನಡೆಯಿತು. ಉಳಿಸಿ ಎಂದವರು 122 ಮಂದಿ, ತೆಗೆಯಿರಿ ಎಂದವರು 58. ಐವರ ಸಮಿತಿ 4–1ರಿಂದ ತೆಗೆಯಲು ಹೇಳಿತು! ಅದರ ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ ಮೊದಲಿನಿಂದಲೂ ಗೋಡೆಯನ್ನು ತೆಗೆಸಬೇಕೆಂದೇ ಹೊರಟವರು. ಇದಕ್ಕೆ ಜನಾಭಿಪ್ರಾಯ ಎಂದು ಹೆಸರಿಡುವುದು ಜನರಿಗೇ ಮಾಡಿದ ಅವಮಾನ. 1989ರ ಮಾರ್ಚ್ 15ರ ರಾತ್ರಿ ಗೋಡೆಯನ್ನು ಬಿಡಿಬಿಡಿಯಾಗಿ ಕಿತ್ತು ಅಲ್ಲಿಂದ ಸಾಗಿಸಿದರು. ಆ ಜಾಗಕ್ಕೆಂದೇ ಹುಟ್ಟಿದ್ದನ್ನು ಬೇರೆಡೆ ನಿಲ್ಲಿಸಲು ಸೆರಾ ಒಪ್ಪಲಿಲ್ಲ.

ನಮ್ಮ ದೇಶವೂ ಇದನ್ನು ಕಂಡಿದೆ. ದೆಹಲಿಯ ವಿಜ್ಞಾನ ಭವನದ ಗೋಡೆಯಿಂದ ಅಮರನಾಥ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಅವರಿಗೆ ತಿಳಿಸದೆಯೇ ಕೀಳಲಾಯಿತು. ದೆಹಲಿ ಹೈಕೋರ್ಟ್ 2005ರಲ್ಲಿ ಅದನ್ನು ಅವರಿಗೆ ಮರಳಿಸಿ, 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಅಷ್ಟರಲ್ಲಿ ಕೃತಿ ಹಾಳಾಗಿ ಹೋಗಿತ್ತು.

ನಮ್ಮ ಭಾಗದ ರೋಗ ಇನ್ನೊಂದು ಬಗೆಯದು. ಬೆಳಗಾವಿಯ ಪೀರನವಾಡಿಯಲ್ಲಿ 2020ರ ಆಗಸ್ಟ್‌ನಲ್ಲಿ ಸಂಗೊಳ್ಳಿ ರಾಯಣ್ಣನ ಪ್ರತಿಮೆ ರಾತ್ರೋರಾತ್ರಿ ನಿಂತಿತು. ಬೆಳಗಾಗುತ್ತಲೇ ಗಲಾಟೆ, ಲಾಠಿ. ರಾಯಣ್ಣನಂಥ ವೀರ ಕತ್ತಲಲ್ಲಿ ಬಂದು ನಿಲ್ಲಬೇಕೇ? ರಸ್ತೆಗಳಲ್ಲಿ ಪ್ರತಿಮೆಗೆ ಅವಕಾಶ ಕೊಡಬೇಡಿ ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ರಾಜ್ಯಗಳಿಗೆ ಹೇಳಿತ್ತು.

ನಮ್ಮ ದೇವಿಕೊಪ್ಪದ ಕಡೆ ಓಣಿಯಲ್ಲಿ ಕಟ್ಟೆ ಕಟ್ಟುವಾಗಲೂ ಚಕ್ಕಡಿ, ಟ್ರ್ಯಾಕ್ಟರ್ ಹಾಯಲು ದಾರಿ ಉಳಿಯುತ್ತದೆಯೇ ಎಂದು ಹಿರಿಯರು ಮೊದಲು ಕೇಳುತ್ತಾರೆ. ಉಕ್ಕಿರಲಿ, ಕಂಚಿರಲಿ, ಅದೇ ಪ್ರಶ್ನೆ ಗ್ರಾಮಸಭೆಯಲ್ಲಿ, ನಗರದ ವಾರ್ಡ್ ಸಭೆಯಲ್ಲಿ ಬರಲಿ. ನಿಲ್ಲುವ ಜಾಗದಲ್ಲಿ ಸುಣ್ಣದಿಂದ ಗೆರೆ ಎಳೆದು ತಿಂಗಳು ಬಿಡಿ. ಜನ ಅದನ್ನು ಸುತ್ತಿ ನಡೆದು ನೋಡಲಿ. ಬೇಡವೆಂದರೆ ಅಲ್ಲಿಗೇ ಬಿಡಿ. ಒಪ್ಪಿ ನಿಲ್ಲಿಸಿದ ಮೇಲೆ ಮಾತ್ರ, ಶಿಲ್ಪಿಯನ್ನು ಕೇಳದೆ ಯಾವ ಅಧಿಕಾರಿಯೂ ಅದನ್ನು ಮುಟ್ಟುವಂತಿಲ್ಲ ಎಂದು ಆ ಸಭೆಯ ಠರಾವಿನಲ್ಲೇ ಬರೆಯಿರಿ.