ಕೈತುಂಬ ಕೆಲಸ ಸಾಕು, ಕೈಯಿಂದ ಕೆಲಸ ಹೋಗಲಿ

"ಎಂತ ಭಾವ, ಕಾಣ್ಲಿಕ್ಕೇ ಇಲ್ಲ?" ಅಂತ ಯಾರಾದರೂ ಕೇಳಿದರೆ "ಎಂತ ಮಾಡೂದು, ಕೈತುಂಬ ಕೆಲಸ" ಎನ್ನುವುದು ನಮ್ಮ ಕಡೆಯ ಮಾಮೂಲು ಉತ್ತರ. ಹೇಳುವಾಗ ಒಳಗೊಳಗೆ ಸ್ವಲ್ಪ ಹೆಮ್ಮೆಯೂ ಇರುತ್ತದೆ. ಕೈತುಂಬ ಕೆಲಸ ಇರುವವನು ಒಳ್ಳೆ ಕೃಷಿಕ ಅಂತ ಲೆಕ್ಕ. ನಾನೂ ಮೂವತ್ತು ವರ್ಷ ಹೀಗೇ ಹೇಳಿಕೊಂಡು ಬಂದವನು. ಕಳೆದ ಬೇಸಿಗೆಯಲ್ಲಿ ಮನೆಗೆ ಬಂದ ಸೋದರಳಿಯ ಒಂದು ಡ್ಯಾನಿಶ್ ಮಾತು ಕಲಿಸಿಹೋದ. ಅಂದಿನಿಂದ ಈ ಉತ್ತರ ಕೊಡಲು ನನಗೆ ನಾಚಿಕೆ.

ಅಳಿಯ ಇರುವುದು ಡೆನ್ಮಾರ್ಕಿನ ಆರ್ಹುಸ್ ಎಂಬಲ್ಲಿ. ಓದಲು ಹೋದವನು ಅಲ್ಲೇ ಕೆಲಸ ಹಿಡಿದಿದ್ದಾನೆ. ಸಂಜೆ ಅವನನ್ನು ತೋಟಕ್ಕೆ ಕರಕೊಂಡು ಹೋಗಿ ಉತ್ಸಾಹದಲ್ಲಿ ಎಲ್ಲ ತೋರಿಸಿದೆ. ಅರ್ಧ ಬಿಡಿಸಿದ ಕಣಿ, ಪೈಪು ಹಾಕಿ ಜೆಟ್ ಕೂರಿಸದ ಸ್ಪ್ರಿಂಕ್ಲರ್, ಮಾಡು ಆಗದ ಎರೆಗೊಬ್ಬರದ ತೊಟ್ಟಿ, ಗುಂಡಿ ತೋಡಿ ಗಿಡ ನೆಡದೆ ಬಿಟ್ಟ ಜಾಗ. ಅವನು ಏನೂ ಹೇಳದೆ ಬೆರಳು ಮಡಚುತ್ತಾ ಬಂದ. ಅಂಗಳಕ್ಕೆ ಬಂದ ಮೇಲೆ "ಒಂಬತ್ತು ಆಯ್ತು ಮಾವ" ಅಂದ.

ಆಮೇಲೆ ಹೇಳಿದ: "ಅಲ್ಲಿನವರು ದಿನ ಚೆನ್ನಾಗಿ ಹೋದರೆ ಕೆಲಸ ತುಂಬ ಇತ್ತು ಅಂತ ಹೇಳುವುದಿಲ್ಲ. ಕೈಯಿಂದ ಏನೋ ಒಂದು ಹೋಯಿತು ಅಂತ ಹೇಳುತ್ತಾರೆ." ಆ ಮಾತು ನನ್ನ ಕಿವಿಗೆ ಕೇಳಿಸಿದ್ದು 'ಫೋ ನೋಎದ್ ಫ್ರಾ ಹೋನೆನ್' ಅಂತ. ಪದಕ್ಕೆ ಪದ ಹೇಳಿದರೆ 'ಏನಾದರೊಂದನ್ನು ಕೈಯಿಂದ ಆಚೆ ಮಾಡುವುದು'. ಅಂದರೆ, ಹಿಡಿದದ್ದನ್ನು ಮುಗಿಸಿ ಕಳಿಸುವುದು. ಇದರ ಜತೆಗೆ ಇನ್ನೊಂದು ತಮಾಷೆಯ ಮಾತೂ ಇದೆಯಂತೆ. ಹಿಡಿದ ಕೆಲಸ ಮುಗಿದಾಗ "ಅಲ್ಲಿಗೆ ಆ ಆಡಿಗೆ ಕ್ಷೌರ ಆಯಿತು" ಅನ್ನುತ್ತಾರಂತೆ. ಚಾ ತಂದ ನನ್ನ ಮನೆಯವಳು ಇದನ್ನು ಕೇಳಿ, "ಹಾಗಾದರೆ ನಮ್ಮ ತೋಟದ ತುಂಬ ಅರ್ಧ ಬೋಳಿಸಿದ ಆಡುಗಳೇ" ಅಂದಳು. ನಗಾಡಿದೆವು. ರಾತ್ರಿ ಮಾತ್ರ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. 2018 ನೆನಪಾಯಿತು.

ಆ ಮಳೆಗಾಲವನ್ನು ಅಡಿಕೆಯವರು ಯಾರೂ ಮರೆತಿರಲಾರರು. ಮೊದಲ ಸುತ್ತಿನ ಬೋರ್ಡೋ ಹೊತ್ತಿಗೆ ಸರಿಯಾಗಿ ಬಿಡಿಸಿದ್ದೆ. ಎರಡನೇ ಸುತ್ತು 40-45 ದಿವಸಕ್ಕೆ ಆಗಬೇಕು, ಇದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಆ ಹೊತ್ತಿಗೆ ಎರಡು ದಿನ ಬಿಸಿಲೂ ಬಂತು, ಮರ ಹತ್ತುವವರೂ ಬಂದರು. ನಾನು ಮಾತ್ರ ಎರೆಗೊಬ್ಬರದ ತೊಟ್ಟಿ ಕಟ್ಟುವ ಗಡಿಬಿಡಿಯಲ್ಲಿದ್ದೆ. "ಹೇಗೂ ಬಂದಿದ್ದೀರಿ, ಈ ಕಲ್ಲು ಹೊತ್ತು ಹಾಕಿ, ಮದ್ದು ನಾಳೆ ನಾಡಿದ್ದು ಬಿಡುವ" ಅಂದೆ. ನಾಡಿದ್ದಿನಿಂದ ಹಿಡಿದ ಮಳೆ ಬಿಡಲೇ ಇಲ್ಲ. ಕೆಳಗಿನ ತೋಟದಲ್ಲಿ ಅರ್ಧಕ್ಕರ್ಧ ಎಳೆಕಾಯಿ ಮಹಾಳಿಗೆ ಉದುರಿಹೋಯಿತು. ಮಗಳ ಕಾಲೇಜಿನ ಫೀಸಿಗೆ ಸೊಸೈಟಿಯಲ್ಲಿ ಸಾಲ ಮಾಡಬೇಕಾಯಿತು. ಆ ವರ್ಷ ನಾನು ಸೋಮಾರಿಯಾಗಿ ಕೂತವನಲ್ಲ. ಬೆಳಿಗ್ಗೆ ಆರರಿಂದ ಕತ್ತಲಾಗುವವರೆಗೆ ದುಡಿದವನೇ. ಕೈತುಂಬ ಕೆಲಸ ಇತ್ತು, ಕೈಯಿಂದ ಮಾತ್ರ ಏನೂ ಹೋಗಲಿಲ್ಲ. ತೊಟ್ಟಿಗೂ ಇವತ್ತಿನವರೆಗೆ ಮಾಡಾಗಿಲ್ಲ.

ನನ್ನ ಅಭಿಪ್ರಾಯ ಇಷ್ಟೇ. ಸಣ್ಣ ಕೃಷಿಕರಾದ ನಮಗೆ ನಷ್ಟ ಬರುವುದು ದುಡಿಮೆ ಕಮ್ಮಿಯಾಗಿ ಅಲ್ಲ. ಸುರು ಮಾಡಿದ್ದನ್ನು ಮುಗಿಸದೆ ಇನ್ನೊಂದಕ್ಕೆ ಕೈ ಹಾಕುವುದರಿಂದ. ಅರ್ಧ ಆದ ಕೆಲಸಕ್ಕೆ ಖರ್ಚು ಪೂರ್ತಿ, ಫಲ ಸೊನ್ನೆ. ಜೆಟ್ ಕೂರಿಸದ ಪೈಪಿನಿಂದ ಒಂದು ಚೆಂಬು ನೀರೂ ಬೀಳುವುದಿಲ್ಲ.

ಹಾಗಂತ ಎಲ್ಲ ಕೆಲಸವೂ ಒಬ್ಬನ ಕೈಯಿಂದ ಹೋಗುವಂಥದ್ದಲ್ಲ. ಇದಕ್ಕೂ ಡೆನ್ಮಾರ್ಕಿನ ಕೃಷಿಕರ ಕಥೆ ನೋಡಬೇಕು. ನಮಗದು ತೀರಾ ಪರಕೀಯ ದೇಶವೇನಲ್ಲ. ಹೆಸರಘಟ್ಟದಲ್ಲಿ ಹೋರಿಗಳ ವೀರ್ಯ ಘನೀಕರಿಸುವ ಕೇಂದ್ರ ಸುರುವಾದದ್ದು ಅವರ ನೆರವಿನಿಂದಲೇ. 1870ರ ನಂತರ ಅಮೆರಿಕ, ರಷ್ಯಾದ ಅಗ್ಗದ ಧಾನ್ಯ ಯುರೋಪಿಗೆ ಬಂದು ಬಿದ್ದಾಗ ಡೆನ್ಮಾರ್ಕಿನ ರೈತರ ಧಾನ್ಯಕ್ಕೆ ಬೆಲೆ ಕುಸಿಯಿತು. ಅವರು ಹಾಲು, ಬೆಣ್ಣೆಯ ಕಡೆಗೆ ತಿರುಗಿದರು. ಆದರೆ ನಾಲ್ಕು ದನ ಇದ್ದವನು ಮನೆಯಲ್ಲಿ ಕಡೆದ ಬೆಣ್ಣೆ ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇಲ್ಲ. ದೊಡ್ಡ ಜಮೀನುದಾರರ ಬೆಣ್ಣೆಯ ಕ್ರಯ ಅದಕ್ಕೆ ಸಿಗುತ್ತಿರಲಿಲ್ಲ. 1882ರಲ್ಲಿ ಪಶ್ಚಿಮ ಯೂಲಂಡಿನ ಯೆಡ್ಡಿಂಗ್ ಎಂಬ ಹಳ್ಳಿಯವರು ಸೇರಿ ಸಹಕಾರಿ ಡೈರಿ ಮಾಡಿದರು. ಮನೆಖರ್ಚಿನದ್ದು ಬಿಟ್ಟು ಹಾಲೆಲ್ಲ ಡೈರಿಗೆ. ಕೆನೆ ತೆಗೆದ ಹಾಲು ವಾಪಸು ಮನೆಗೆ, ಹಂದಿ ಕರುಗಳಿಗೆ. ದನ ಎಷ್ಟೇ ಇರಲಿ, ಇಂಥ ಡೈರಿಗಳಲ್ಲಿ ಓಟು ತಲೆಗೊಂದು. ಇಪ್ಪತ್ತು ವರ್ಷದೊಳಗೆ ಇದು ಆ ದೇಶದ ಉದ್ದಗಲಕ್ಕೆ ಹಬ್ಬಿತು. 1887ರಲ್ಲಿ ಹಾರ್ಸೆನ್ಸ್‌ನಲ್ಲಿ ಹಂದಿಮಾಂಸಕ್ಕೂ ಸಹಕಾರಿ ಕಾರ್ಖಾನೆ ಬಂತು. ಮನೆಯಲ್ಲಿ ಕೈಯಿಂದ ಹೋಗದ ಕೆಲಸವನ್ನು ಹತ್ತು ಜನರ ಕೈಗೆ ಕೊಟ್ಟರು, ಅದು ಮುಗಿದು ಹೋಯಿತು. ಅಲ್ಲಿದ್ದದ್ದೆಲ್ಲ ಆದರ್ಶ ಅಂತ ನಾನು ಹೇಳುವುದಿಲ್ಲ. ಈಗ ಅಲ್ಲಿ ಸಣ್ಣ ಹಿಡುವಳಿಗಳು ಹೆಚ್ಚಿನವು ಹೋಗಿ ದೊಡ್ಡವೇ ಉಳಿದಿವೆಯಂತೆ. ಕಲಿಯಬೇಕಾದ್ದು ಆ ಹಳೆಯ ಪಾಠ.

ನಾವೂ ಅದನ್ನು ಮಾಡದವರಲ್ಲ. ಅಡಿಕೆ ಮಾರುವ ಕಷ್ಟ ಒಬ್ಬೊಬ್ಬರಿಂದ ನಿಭಾಯಿಸಲು ಆಗದೆ ಹೋದಾಗ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಹುಟ್ಟಿತು. ಮಾರುವುದಕ್ಕೆ ಒಟ್ಟಾದ ನಾವು ಮದ್ದು ಬಿಡುವುದಕ್ಕೆ, ಕೊಯ್ಲಿಗೆ ಮಾತ್ರ ಇನ್ನೂ ಒಬ್ಬೊಬ್ಬರೇ ಓಡಾಡುತ್ತೇವೆ. ಮರ ಹತ್ತುವವರು ನಾಲ್ಕು ಜನ, ಕರೆಯುವ ಮನೆ ನಲ್ವತ್ತು. ಯಾರ ತೋಟವೂ ಹೊತ್ತಿಗೆ ಮುಗಿಯುವುದಿಲ್ಲ.

2019ರಿಂದ ನಾವು ನಾಲ್ಕು ಮನೆಯವರು ಒಂದು ಕ್ರಮ ಮಾಡಿಕೊಂಡಿದ್ದೇವೆ. ಮೇ ತಿಂಗಳಲ್ಲೇ ಮೈಲುತುತ್ತು, ಸುಣ್ಣ ಒಟ್ಟಿಗೆ ತರುತ್ತೇವೆ. ಯಾರ ತೋಟ ಮೊದಲು ಅಂತ ಚೀಟಿ ಎತ್ತುತ್ತೇವೆ. ಎರಡನೇ ಸುತ್ತಿನ ತಾರೀಕು ಆಗಲೇ ಕ್ಯಾಲೆಂಡರಿನಲ್ಲಿ ಬರೆಯುತ್ತೇವೆ. ಮದ್ದು ಬಿಡುವವರನ್ನು ಸುತ್ತು ಮುಗಿಯುವವರೆಗೆ ಯಾರೂ ಬೇರೆ ಕೆಲಸಕ್ಕೆ ಹಚ್ಚಬಾರದು. ಇದು ಕಟ್ಟುನಿಟ್ಟು. ಒಂದು ವರ್ಷ ಒಬ್ಬರು ಮುನಿಸಿಕೊಂಡು ಬಿಟ್ಟುಹೋದರು, ಮರುವರ್ಷ ಅವರೇ ಬಂದರು. ಕೊಳೆ ಪೂರ್ತಿ ನಿಂತಿದೆ ಅಂತ ಹೇಳಲಾರೆ. 2018ರ ಹಾಗೆ ಆಗಲಿಲ್ಲ.

ಅಳಿಯ ಹೋದ ಮೇಲೆ ನನ್ನಷ್ಟಕ್ಕೇ ಇನ್ನೊಂದು ಅಭ್ಯಾಸ ಹಿಡಿದಿದ್ದೇನೆ. ಕೆಲಸ ಸುರು ಮಾಡುವ ಮೊದಲು ಅದು ಎಲ್ಲಿಗೆ ಮುಗಿಯುತ್ತದೆ ಅಂತ ಬಾಯಿಬಿಟ್ಟು ಹೇಳುವುದು. "ಕಣಿ ಬಿಡಿಸುವುದು" ಅಂದರೆ ಅದಕ್ಕೆ ಕೊನೆ ಇಲ್ಲ. "ಮೇಲಿನ ನಾಲ್ಕು ಕಣಿ, ಮಣ್ಣು ಬುಡಕ್ಕೆ ಹಾಕುವವರೆಗೆ" ಅಂದರೆ ಸಂಜೆಗೆ ಮುಗಿಯುತ್ತದೆ. ಮದ್ದು ಬಿಟ್ಟಲ್ಲಿಗೆ ಕೆಲಸ ಮುಗಿಯಲಿಲ್ಲ, ಪಂಪು ತೊಳೆದು ಇಟ್ಟಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ಮರುದಿನ ನಾಜಲ್ ಬಿಡಿಸುತ್ತಾ ಅರ್ಧ ಹೊತ್ತು ಹೋಗುತ್ತದೆ.

ಕೃಷಿಯಲ್ಲಿ ಕೆಲಸ ಮುಗಿಯುವುದುಂಟೇ ಅಂತ ನೀವು ಕೇಳಬಹುದು. ಇದನ್ನೇ ನನ್ನ ಮನೆಯವಳೂ ಕೇಳಿದಳು. "ನಿಮ್ಮ ಆಡಿಗೆ ವರ್ಷಕ್ಕೊಮ್ಮೆ ಕ್ಷೌರ. ನನ್ನ ಆಡಿಗೆ ದಿನಾ ಗಡ್ಡ ಬರ್ತದೆ. ಅಡುಗೆ, ಪಾತ್ರೆ, ಹಟ್ಟಿ, ಇದು ಯಾವತ್ತು ಕೈಯಿಂದ ಹೋಗೂದು?" ನನ್ನಲ್ಲಿ ಉತ್ತರ ಇರಲಿಲ್ಲ. ಮರುದಿನದಿಂದ ಸಂಜೆಯ ಹಟ್ಟಿ ಕೆಲಸ ನನ್ನ ಕೈಗೆ ಬಂದಿದೆ. ಒಬ್ಬರ ಕೈಯಿಂದ ಹೋಗಬೇಕಾದರೆ ಇನ್ನೊಬ್ಬರು ಕೈ ಚಾಚಬೇಕು. ಇದು ಮನೆಯೊಳಗೂ ಸರಿ, ನೆರೆಕರೆಯಲ್ಲೂ ಸರಿ.

ಒಂಬತ್ತರಲ್ಲಿ ಈಗ ಆರು ಮುಗಿದಿವೆ. ಎರೆಗೊಬ್ಬರದ ತೊಟ್ಟಿಯ ಆಸೆ ಬಿಟ್ಟು ಅದರ ಕಲ್ಲನ್ನು ಹಟ್ಟಿಯ ಗೋಡೆಗೆ ಹಾಕಿದೆ. ಬೇಡದ್ದನ್ನು ಬಿಡುವುದೂ ಮುಗಿಸುವ ಒಂದು ದಾರಿಯೇ. ನೀವೂ ಒಮ್ಮೆ ಬೆರಳು ಮಡಚುತ್ತಾ ನಿಮ್ಮ ತೋಟಕ್ಕೆ ಸುತ್ತು ಬನ್ನಿ. ಲೆಕ್ಕ ಎಷ್ಟಕ್ಕೆ ನಿಂತಿತು ಅಂತ ಪತ್ರಿಕೆಗೆ ಬರೆದು ತಿಳಿಸಿ.